ಮುಗಿಯದ ಕೈಕೆಲಸವೂ ಆಕಿಂಚನ್ಯ ಧರ್ಮವೂ

ದಶಲಕ್ಷಣ ಧರ್ಮಗಳಲ್ಲಿ ಎಂಟನೆಯದು ಉತ್ತಮ ತ್ಯಾಗ, ಒಂಬತ್ತನೆಯದು ಉತ್ತಮ ಆಕಿಂಚನ್ಯ. ಇರುವುದನ್ನು ಸತ್ಪಾತ್ರರಿಗೆ ಕೊಡುವುದು ತ್ಯಾಗ. 'ಇದು ನನ್ನದು' ಎಂಬ ಮಮಕಾರವನ್ನೇ ನೀಗುವುದು ಆಕಿಂಚನ್ಯ. ಪರ್ವದ ದಿನಗಳಲ್ಲಿ ಈ ಧರ್ಮಗಳ ಪ್ರವಚನ ಕೇಳುವವರ ಮನಸ್ಸು ಸಾಮಾನ್ಯವಾಗಿ ಹೊಲ, ಮನೆ, ಬಂಗಾರಗಳ ಕಡೆಗೆ ಹರಿಯುತ್ತದೆ. ಟ್ರಂಕಿನ ತಳದಲ್ಲಿ ಗಂಟು ಕಟ್ಟಿಟ್ಟ ಅರ್ಧ ಹೊಲಿದ ಕೌದಿಯ ಕಡೆಗೆ ಹರಿಯುವುದು ಅಪರೂಪ.

ಆದವಾನಿ, ಪೆದ್ದಹರಿವಾಣಂ ಸೀಮೆಯು ಹತ್ತಿಯ ನಾಡು. ಇಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಸಾಲು ಹೊಲಿಗೆ ಹಾಕಿ ಕೌದಿ ಮಾಡುವ ಶ್ರಾವಿಕೆಯರಿಗೆ ಬಟ್ಟೆಯ ಬೆಲೆ ಗೊತ್ತು. ಏನನ್ನೂ ವ್ಯರ್ಥ ಮಾಡಬಾರದೆಂಬ ಆ ಗುಣ ಶ್ಲಾಘ್ಯವೇ. ಆದರೆ ಅದೇ ಗುಣದ ನೆರಳಿನಲ್ಲಿ ಅರ್ಧ ಹೆಣೆದ ಉಲ್ಲನ್ ಸ್ವೆಟರು, ಬಣ್ಣ ಮಾಸಿದ ಕಸೂತಿ, ಮಣಿ ಪೋಣಿಸಲು ಆರಂಭಿಸಿ ಬಿಟ್ಟ ತೋರಣಗಳೂ ವರ್ಷಗಟ್ಟಲೆ ಕೂಡಿಬೀಳುತ್ತವೆ. ಮಗಳ ಮದುವೆಗೆಂದು ತೊಡಗಿದ ಕಸೂತಿ ಮೊಮ್ಮಗಳು ಶಾಲೆಗೆ ಹೋಗುವ ಹೊತ್ತಿಗೂ ಮುಗಿದಿರುವುದಿಲ್ಲ. ಟ್ರಂಕು ತೆರೆದಾಗಲೆಲ್ಲ ಮನಸ್ಸಿಗೆ ಒಂದು ಚುಚ್ಚು.

ಮೂರ್ಛೆಯೇ ಪರಿಗ್ರಹ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ಮೂರ್ಛೆಯೆಂದು, ಅಂದರೆ ವಸ್ತುವಿನ ಮೇಲಿನ ಮಮತ್ವವೆಂದು ನಿರೂಪಿಸಿದ್ದಾರೆ. ಅದೇ ಅಧ್ಯಾಯದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣಗಳ ಜೊತೆಗೆ 'ಕುಪ್ಯ'ವನ್ನೂ ಸೇರಿಸಿದ್ದಾರೆ. ಪೂಜ್ಯಪಾದರ ಸರ್ವಾರ್ಥಸಿದ್ಧಿ ಟೀಕೆಯಂತೆ ಹತ್ತಿ, ರೇಷ್ಮೆ ಮೊದಲಾದವು ಕುಪ್ಯದಲ್ಲಿ ಬರುತ್ತವೆ. ಆದ್ದರಿಂದ ಟ್ರಂಕಿನಲ್ಲಿರುವ ಬಟ್ಟೆ, ನೂಲುಗಳೂ ಲೆಕ್ಕಕ್ಕೆ ಸೇರಿದವೇ. ಅವುಗಳ ಮೇಲೆ 'ಎಂದಾದರೂ ಮುಗಿಸಬೇಕು' ಎಂಬ ಇಚ್ಛೆಯೂ, 'ಮುಗಿಸಲಾಗಲಿಲ್ಲ' ಎಂಬ ಖೇದವೂ ಕುಳಿತಿರುತ್ತವೆ. ಬಾಹ್ಯ ಪರಿಗ್ರಹ ಒಂದು ಗಂಟಾದರೆ ಅಂತರಂಗದ್ದು ಎರಡು ಗಂಟು.

ಇದರಲ್ಲಿ ಅಹಿಂಸೆಯ ಪ್ರಶ್ನೆಯೂ ಅಡಗಿದೆ. ಬಹುಕಾಲ ಬಿಚ್ಚದೆ ಇಟ್ಟ ಬಟ್ಟೆ, ಉಣ್ಣೆಗಳಲ್ಲಿ ಹುಳುಗಳು ಹುಟ್ಟುತ್ತವೆ. ಒಂದು ದಿನ ಅವಸರದಲ್ಲಿ ಕೊಡವಿದಾಗ ಆಗುವ ಜೀವಹಾನಿಗೆ ಆ ಸಂಗ್ರಹವೇ ಕಾರಣವಾಗುತ್ತದೆ.

ಬಿಡಬಾರದುದು, ಬಿಡಬಹುದಾದುದು

ಹಾಗೆಂದು ಆರಂಭಿಸಿದ್ದನ್ನೆಲ್ಲ ನಡುವೆ ಬಿಡಬಹುದೆಂದು ತಿಳಿಯಬಾರದು. ಶ್ರಾವಕನು ಇಲ್ಲಿ ಮೂರು ಬಗೆಯನ್ನು ವಿವೇಚಿಸಬೇಕು.

ಮೊದಲನೆಯದು ವ್ರತ. ಜಿನಬಿಂಬದ ಎದುರು ಅಥವಾ ಗುರುಸಾಕ್ಷಿಯಾಗಿ ಸ್ವೀಕರಿಸಿದ ವ್ರತವನ್ನು ಪೂರ್ಣಗೊಳಿಸಲೇಬೇಕು. ಅನಂತ ವ್ರತವನ್ನು 14 ವರ್ಷ ಆಚರಿಸಿ ಉದ್ಯಾಪನೆ ಮಾಡುವ ಪದ್ಧತಿ ಇರುವುದು ಇದಕ್ಕಾಗಿಯೇ. ಎರಡನೆಯದು ಪರರಿಗೆ ಕೊಟ್ಟ ಮಾತು. ಮುಂಗಡ ಪಡೆದು ಒಪ್ಪಿಕೊಂಡ ಹೊಲಿಗೆ, ನೇಯ್ಗೆಗಳನ್ನು ಮುಗಿಸಿ ಕೊಡದಿದ್ದರೆ ಸತ್ಯ, ಅಚೌರ್ಯ ಎರಡಕ್ಕೂ ಕುಂದು. ಮೂರನೆಯದು ಸ್ವಂತ ಇಚ್ಛೆಯಿಂದ, ಸಂತೋಷಕ್ಕಾಗಿ ತೊಡಗಿದ ಕೈಕೆಲಸ. ಇದಕ್ಕೆ ಸಾಕ್ಷಿಯೂ ಇಲ್ಲ, ಸಾಲಗಾರರೂ ಇಲ್ಲ. ಇದನ್ನು ವ್ರತದಂತೆ ಹೊತ್ತು, ಭಂಗವಾಯಿತೆಂದು ಕೊರಗುವುದು ಆರ್ತಧ್ಯಾನಕ್ಕೆ ದಾರಿ.

ಅತ್ಯಂತ ಕಠಿಣವಾದುದು ಅಗಲಿದವರು ಬಿಟ್ಟುಹೋದ ಕೆಲಸ. ಅತ್ತೆಯೋ ತಾಯಿಯೋ ಅರ್ಧ ಹೊಲಿದಿಟ್ಟ ಕೌದಿಯನ್ನು ಮುಗಿಸಲು ಕೈ ಬರುವುದಿಲ್ಲ, ಕೊಡಲು ಮನಸ್ಸು ಬರುವುದಿಲ್ಲ. ಇಷ್ಟವಿಯೋಗದ ಆರ್ತಧ್ಯಾನ ಸೂಜಿಯ ತುದಿಯಲ್ಲಿಯೇ ನಿಂತಿರುತ್ತದೆ. ಅಂಥಲ್ಲಿ ಗುರುಪರಂಪರೆಯತ್ತ ನೋಡುವುದು ಉಚಿತ.

ಆಚಾರ್ಯರ ಮುಗಿಯದ ಗ್ರಂಥಗಳು

ಆಚಾರ್ಯ ವೀರಸೇನರು ಜಯಧವಲಾ ಟೀಕೆಯನ್ನು 20,000 ಶ್ಲೋಕ ಪ್ರಮಾಣದಷ್ಟು ರಚಿಸಿ ಅಗಲಿದರು. ಶಿಷ್ಯ ಜಿನಸೇನರು ಇನ್ನೂ 40,000 ಶ್ಲೋಕ ಪ್ರಮಾಣವನ್ನು ಸೇರಿಸಿ ಶಕ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ ಅದನ್ನು ಮುಗಿಸಿದರು. ಗುರುವಿನ ಕೃತಿಯನ್ನು ಪೂರ್ಣಗೊಳಿಸಿದ ಅದೇ ಜಿನಸೇನರ ಮಹಾಪುರಾಣ 42 ಪರ್ವಗಳು ಮುಗಿದು 43ನೆಯದರ ಮೂರು ಶ್ಲೋಕಗಳಿಗೆ ನಿಂತಿತು. ಅವರ ಶಿಷ್ಯ ಗುಣಭದ್ರರು ಉಳಿದುದನ್ನು ಬರೆದು ಉತ್ತರಪುರಾಣವನ್ನು ರಚಿಸಿದರು. ಕ್ರಿ.ಶ. 941ರಲ್ಲಿ ಮಹಾಕವಿ ಪಂಪ ತನ್ನ ಆದಿಪುರಾಣಕ್ಕೆ ಆಕರವಾಗಿ ಆರಿಸಿಕೊಂಡದ್ದು ಈ ಪರಂಪರೆಯ ಗ್ರಂಥವನ್ನೇ. ಎರಡು ತಲೆಮಾರುಗಳ ಅಪೂರ್ಣತೆಯಿಂದ ಜಿನವಾಣಿಗೆ ಕುಂದು ಬರಲಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಅದು ಸಾಗಿತು.

ಇದರ ತತ್ತ್ವ ಸಮಯಸಾರದಲ್ಲಿದೆ. ಗುಂತಕಲ್ಲಿನ ಸಮೀಪದ ಕೊನಕೊಂಡ್ಲವು ಆಚಾರ್ಯ ಕುಂದಕುಂದರ ಊರೆಂಬ ನಂಬಿಕೆ ಈ ಭಾಗದಲ್ಲಿದೆ. ಆ ಮಹನೀಯರು ಕರ್ತೃಕರ್ಮದ ವಿಚಾರದಲ್ಲಿ ಮಡಕೆ, ಬಟ್ಟೆಗಳನ್ನೇ ದೃಷ್ಟಾಂತವಾಗಿ ತೆಗೆದುಕೊಂಡಿದ್ದಾರೆ. ನಿಶ್ಚಯ ದೃಷ್ಟಿಯಲ್ಲಿ ನೂಲು ತನ್ನ ಪರಿಣಮನದಿಂದಲೇ ಬಟ್ಟೆಯಾಗುತ್ತದೆ. ನೇಯುವವನ ಪ್ರಯತ್ನ ನಿಮಿತ್ತ ಮಾತ್ರ. ಮುಗಿದಾಗ 'ನಾನು ಮಾಡಿದೆ' ಎಂಬ ಗರ್ವ, ಮುಗಿಯದಿದ್ದಾಗ 'ನನ್ನಿಂದ ಆಗಲಿಲ್ಲ' ಎಂಬ ದೈನ್ಯ, ಇವೆರಡೂ ಒಂದೇ ಕರ್ತೃತ್ವಬುದ್ಧಿಯ ಎರಡು ಮುಖಗಳು.

ಬಿಡುವ ಕ್ರಮ

1. ಪರ್ವಕ್ಕೆ ಮುನ್ನ ಒಂದು ದಿನ ಹಗಲು ಬೆಳಕಿನಲ್ಲಿ ಟ್ರಂಕು ತೆರೆದು, ಮೃದುವಾಗಿ ಕೊಡವಿ, ಒಂದೊಂದನ್ನೇ ನೋಡಬೇಕು.
2. ನಿಜವಾಗಿ ಮುಗಿಸುವ ಮನಸ್ಸಿರುವ ಒಂದನ್ನು ಮಾತ್ರ ಇಟ್ಟುಕೊಳ್ಳಬೇಕು.
3. ಅರ್ಧ ಹೊಲಿದ ಕೌದಿಯನ್ನು ಹೊಲಿದಷ್ಟಕ್ಕೆ ಕತ್ತರಿಸಿ ಅಂಚು ಮಡಚಿದರೆ ತೊಟ್ಟಿಲ ಕೌದಿಯಾಗುತ್ತದೆ. ಅಗಲಿದವರ ಕೌದಿಯನ್ನು ಬೇರೆ ಬಣ್ಣದ ದಾರದಿಂದ ಮುಂದುವರಿಸಬಹುದು. ಅವರ ಹೊಲಿಗೆ ಎಲ್ಲಿ ನಿಂತಿತು, ಇವರದು ಎಲ್ಲಿ ತೊಡಗಿತು ಎಂಬುದು ಕಾಣುತ್ತಿರಲಿ.
4. ಉಳಿದ ನೂಲು, ಮಣಿ, ಬಟ್ಟೆಗಳನ್ನು ಹೊಲಿಗೆ ಕಲಿಯುವ ಹುಡುಗಿಯರಿಗೆ ಕೊಡಬೇಕು. ಕೊಟ್ಟ ಮೇಲೆ ಅದು ಏನಾಯಿತೆಂದು ವಿಚಾರಿಸಬಾರದು.

ದಿನದಿನದ ಸಂತೋಷ

ಹೀಗೆ ಖಾಲಿಯಾದ ಜಾಗವನ್ನು ಹೊಸ ಕೆಲಸದ ಸಾಮಾನಿನಿಂದ ತುಂಬಿದರೆ ಪ್ರಯೋಜನವಿಲ್ಲ. ಆಚಾರ್ಯರು ಭೋಗೋಪಭೋಗ ಪರಿಮಾಣವನ್ನು ವಿಧಿಸಿದ್ದು ಸಂತೋಷವನ್ನು ಕಸಿಯಲಿಕ್ಕಲ್ಲ. ಮಿತಿಯಲ್ಲಿ ಮಾತ್ರ ತೃಪ್ತಿ ನೆಲೆಸುತ್ತದೆ. ಸೂರ್ಯಾಸ್ತಕ್ಕೆ ಮೊದಲು ಮನೆಮಂದಿ ಒಟ್ಟಿಗೆ ಕುಳಿತು ಉಣ್ಣುವ ಬಿಸಿ ಜೋಳದ ರೊಟ್ಟಿ, ಬೇಸಗೆಯಲ್ಲಿ ಸೋಸಿ ಕಾಯಿಸಿ ಆರಿಸಿದ ಒಂದು ಲೋಟ ನೀರು, ಬೇವಿನ ನೆರಳು, 48 ನಿಮಿಷಗಳ ಸಾಮಾಯಿಕ ಮುಗಿದಾಗಿನ ನಿಶ್ಶಬ್ದ, ಇವು ಪ್ರತಿದಿನ ಬಾಗಿಲಿಗೆ ಬರುತ್ತವೆ. ನಾಳೆಯ ಕೆಲಸದ ಚಿಂತೆಯಲ್ಲಿರುವವನಿಗೆ ರೊಟ್ಟಿಯ ಬಿಸಿ ತಿಳಿಯುವುದಿಲ್ಲ. ಚಿಂತೆ ಇಳಿಸಿದವನು ಅದನ್ನು ಅರಿಯುತ್ತಾನೆ. ನಾಳೆ ರೊಟ್ಟಿ ಆರಿದ್ದರೂ ದೂರುವುದಿಲ್ಲ. ರುಚಿಯ ಆಸೆಗೂ ಸಂತೋಷಕ್ಕೂ ಇರುವ ಅಂತರ ಇದೇ.

ಬರುವ ಪರ್ವದಲ್ಲಿ ಒಂಬತ್ತನೆಯ ದಿನದ ಅರ್ಘ್ಯವನ್ನು ಅರ್ಪಿಸುವ ಮುನ್ನ ಪ್ರತಿ ಮನೆಯಲ್ಲಿಯೂ ಒಂದು ಗಂಟು ಬಿಚ್ಚಲಿ. ಅದರೊಳಗಿನ ವಸ್ತು ಬೇಕಾದವರಿಗೆ ಸಲ್ಲಲಿ, ಅದರ ಮೇಲಿನ ಮಮತೆ ಕರಗಲಿ.