ಭಾರಿ ವಾಹನಗಳ ಪೈಪು ಮತ್ತು ತಂತಿಗಳ ಸವೆತ: ಸದಸ್ಯರು ತಿಳಿದಿರಬೇಕಾದ ಮುನ್ನೆಚ್ಚರಿಕೆಗಳು

ಪಾಠದ ಉದ್ದೇಶ

ತುಮಕೂರು ನಗರಕ್ಕೆ ಹೊಂದಿಕೊಂಡ ಶೆಟ್ಟಿಹಳ್ಳಿಯಿಂದ ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಒಳಗ್ರಾಮಗಳವರೆಗೆ ಟಿಪ್ಪರ್, ನೀರಿನ ಟ್ಯಾಂಕರ್ ಹಾಗೂ ಕಸ ಸಂಗ್ರಹ ವಾಹನಗಳು ಸಂಚರಿಸುತ್ತವೆ. ಇವುಗಳಲ್ಲಿ ಕೆಲವು ಪಂಚಾಯಿತಿಯ ಸ್ವತ್ತು, ಕೆಲವು ಬಾಡಿಗೆಯವು, ಉಳಿದವು ಕಾಮಗಾರಿಗೆ ಜಲ್ಲಿ, ಎಂ-ಸ್ಯಾಂಡ್ ತರುವ ಗುತ್ತಿಗೆದಾರರವು. ಇಂತಹ ವಾಹನದ ಬ್ರೇಕ್ ಕೆರೆ ಏರಿಯ ಇಳಿಜಾರಿನಲ್ಲಿ ಕೈಕೊಟ್ಟರೆ ಅಪಾಯಕ್ಕೀಡಾಗುವವರು ಚಾಲಕರು, ಕಾರ್ಮಿಕರು ಮತ್ತು ದಾರಿಹೋಕರು. ಉಜ್ಜಿ ಸವೆದ ಒಂದು ಪೈಪು ಇದಕ್ಕೆ ಸಾಕು. ಈ ಸವೆತವನ್ನು ಕಣ್ಣಳತೆಯಲ್ಲಿಯೇ ಗುರುತಿಸಬಹುದು. ಯಂತ್ರಜ್ಞಾನದ ಪರಿಣತಿ ಬೇಕಿಲ್ಲ.

ಸವೆತ ಉಂಟಾಗುವ ಬಗೆ

ವಾಹನ ಚಲಿಸುವಾಗ ಚಾಸಿ ಅದುರುತ್ತದೆ, ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ. ಕ್ಲಾಂಪ್ ಸಡಿಲಗೊಂಡ ಪೈಪು ಕಬ್ಬಿಣದ ಅಂಚಿಗೆ ತಾಗಿ ಅದೇ ಜಾಗದಲ್ಲಿ ಉಜ್ಜುತ್ತಲೇ ಇರುತ್ತದೆ. ನಡುವೆ ಸೇರಿದ ಮಣ್ಣು ಮತ್ತು ಮರಳು ಉಪ್ಪುಕಾಗದದಂತೆ ಕೆಲಸ ಮಾಡುತ್ತವೆ. ಮಣ್ಣಿನ ರಸ್ತೆಯಲ್ಲಿ ಓಡುವ ವಾಹನದಲ್ಲಿ ಸವೆತ ಶೀಘ್ರವಾಗುವುದು ಇದರಿಂದಲೇ. ಹೈಡ್ರಾಲಿಕ್ ಪೈಪು ಒತ್ತಡ ಏರಿದಾಗ ಉದ್ದದಲ್ಲಿ ತುಸು ಕುಗ್ಗಬಹುದು. ಆದ್ದರಿಂದ ಬಿಗಿಯಾಗಿ ಎಳೆದು ಕಟ್ಟಿದ ಪೈಪೂ, ಜೋತುಬಿದ್ದ ಪೈಪೂ ಎರಡೂ ತಪ್ಪು.

ಪರಿಣಾಮಗಳು

ಗಾಳಿ ಬ್ರೇಕಿನ ಪೈಪು ತೂತಾದರೆ ಒತ್ತಡ ಇಳಿದು ಬ್ರೇಕಿನ ಶಕ್ತಿ ಕುಂದುತ್ತದೆ. ಸ್ಪ್ರಿಂಗ್ ಬ್ರೇಕ್ ಇರುವ ವಾಹನದಲ್ಲಿ ಹಿಂದಿನ ಚಕ್ರಗಳು ದಾರಿಯ ಮಧ್ಯದಲ್ಲಿಯೇ ಬಿಗಿದುಕೊಳ್ಳಬಹುದು. ಡೀಸೆಲ್ ಪೈಪು ಸೋರಿ ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ, ಅಥವಾ ಬ್ಯಾಟರಿ ತಂತಿಯ ಹೊದಿಕೆ ಹರಿದು ಚಾಸಿಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಎತ್ತಿ ನಿಲ್ಲಿಸಿದ ಟಿಪ್ಪರ್‌ನ ಹೈಡ್ರಾಲಿಕ್ ಪೈಪು ಒಡೆದರೆ ತೊಟ್ಟಿ ಕೆಳಗೆ ಕುಸಿಯಬಹುದು. ಆದುದರಿಂದ ಆಸರೆ ಕೊಡದೆ ಎತ್ತಿದ ತೊಟ್ಟಿಯ ಕೆಳಗೆ ಯಾರೂ ಹೋಗಬಾರದು.

ಪರಿಶೀಲಿಸಬೇಕಾದ ಸ್ಥಳಗಳು

1. ಚಾಸಿಯ ರಂಧ್ರಗಳಲ್ಲಿ ಪೈಪು, ತಂತಿ ಹಾದುಹೋಗುವ ಕಡೆ ರಬ್ಬರ್ ಬುಷ್ ಇದೆಯೇ ಎಂಬುದು.
2. ಮುಂದಿನ ಚಕ್ರದ ಬ್ರೇಕ್ ಪೈಪು. ಸ್ಟೀರಿಂಗ್ ಅನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಟೈರಿಗೆ ತಾಗುತ್ತದೆಯೇ ಎಂದು ನೋಡುವುದು.
3. ಚಾಸಿಯಿಂದ ಆಕ್ಸಲ್‌ಗೆ ಇಳಿಯುವ ಪೈಪುಗಳು, ಟಿಪ್ಪರ್‌ನ ಹಿಂಜ್ ಸಮೀಪದ ಭಾಗ.
4. ಸೈಲೆನ್ಸರ್ ಮತ್ತು ಬ್ಯಾಟರಿಯ ಸುತ್ತಮುತ್ತ.

ಒಂದೇ ಕಡೆ ಹೊಳಪು ಅಥವಾ ಚಪ್ಪಟೆಯಾದ ಗುರುತು ಕಂಡರೆ ಅದು ಸವೆತದ ಆರಂಭ. ಪೈಪನ್ನು ಅಲ್ಲಿಂದ ಸರಿಸಿ ಭದ್ರಪಡಿಸಬೇಕು. ಒಳಗಿನ ನೂಲು ಅಥವಾ ತಂತಿಯ ಹೆಣಿಗೆ ಕಂಡರೆ ಪೈಪನ್ನು ಬದಲಿಸದೆ ವಾಹನ ಹೊರಡಿಸಬಾರದು. ಗಾಳಿ ಸೋರಿಕೆಯನ್ನು ಸೋಪಿನ ನೀರು ಹಚ್ಚಿ ಪತ್ತೆಮಾಡಬಹುದು. ಹೈಡ್ರಾಲಿಕ್ ಸೋರಿಕೆಯನ್ನು ಎಂದಿಗೂ ಬೆರಳಿನಿಂದ ಮುಟ್ಟಿ ನೋಡಬಾರದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳಹೋಗಬಲ್ಲದು. ಹಾಗಾದಲ್ಲಿ ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

ತಡೆಗಟ್ಟುವ ಕ್ರಮ

ರಬ್ಬರ್ ಒಳಪದರವಿರುವ ಕ್ಲಾಂಪ್‌ನಿಂದ ಪೈಪನ್ನು ಬಂಧಿಸಬೇಕು. ತಾಗುವ ಸಂಭವವಿರುವಲ್ಲಿ ಸುರುಳಿ ಕವಚ ತೊಡಿಸಬೇಕು. ಬ್ಯಾಟರಿ ತಂತಿಯನ್ನು ಡೀಸೆಲ್ ಅಥವಾ ಬ್ರೇಕ್ ಪೈಪಿನೊಂದಿಗೆ ಸೇರಿಸಿ ಕಟ್ಟಬಾರದು. ಬೈಂಡಿಂಗ್ ವೈರ್‌ನಿಂದ ಬಿಗಿಯುವುದು ರೂಢಿಯಲ್ಲಿದೆ. ಆದರೆ ಆ ತಂತಿಯೇ ಪೈಪನ್ನು ಕತ್ತರಿಸುತ್ತದೆ. ಹಳೆಯ ಟ್ಯೂಬಿನ ತುಂಡು ಸುತ್ತಿದರೆ ಒಳಗಿನ ಸವೆತ ಮರೆಯಾಗುತ್ತದೆಯೇ ಹೊರತು ಪೈಪು ದುರಸ್ತಿಯಾಗುವುದಿಲ್ಲ.

ಸದಸ್ಯರ ಹೊಣೆ

ಸಾರಿಗೆ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ಅರ್ಹತಾ ಪತ್ರ ನವೀಕರಿಸಬೇಕು. ಆದರೆ ಪೈಪು ಸವೆಯುವುದು ಈ ತಪಾಸಣೆಗಳ ನಡುವಿನ ದಿನಗಳಲ್ಲಿ. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 190ರಂತೆ ಸಾಮಾನ್ಯ ಎಚ್ಚರಿಕೆಯಿಂದ ಪತ್ತೆಮಾಡಬಹುದಾಗಿದ್ದ ಅಪಾಯಕಾರಿ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವವರಷ್ಟೇ ಅಲ್ಲ, ಓಡಿಸಲು ಬಿಡುವವರೂ ದಂಡನೆಗೆ ಗುರಿಯಾಗುತ್ತಾರೆ.

ಆದುದರಿಂದ ವಾರಕ್ಕೊಮ್ಮೆ ಪೈಪುಗಳ ಪರಿಶೀಲನೆ ನಡೆಸಿ ವಾಹನದ ಲಾಗ್ ಪುಸ್ತಕದಲ್ಲಿ ದಾಖಲಿಸುವುದು, ಬಾಡಿಗೆ ಕರಾರಿನಲ್ಲಿ ಇದನ್ನು ಷರತ್ತಾಗಿ ಸೇರಿಸುವುದು ಹಾಗೂ ದುರಸ್ತಿ ವೆಚ್ಚಕ್ಕೆ ಆಯವ್ಯಯದಲ್ಲಿ ಅವಕಾಶ ಕಲ್ಪಿಸುವುದು ಅಗತ್ಯ. ದೋಷ ತಿಳಿಸಿದ ಚಾಲಕರನ್ನು ಕೆಲಸ ತಪ್ಪಿಸುವವರೆಂದು ದೂರಬಾರದು; ಹಾಗೆ ದೂರಿದರೆ ಮುಂದಿನ ದೋಷವನ್ನು ಅವರು ತಿಳಿಸುವುದಿಲ್ಲ.

ಸಭೆಯಲ್ಲಿ ಚರ್ಚೆಗೆ

1. ಪಂಚಾಯಿತಿಯ ವಾಹನದ ಅಡಿಭಾಗವನ್ನು ಕೊನೆಯ ಬಾರಿ ಪರಿಶೀಲಿಸಿದ್ದು ಯಾವಾಗ, ಯಾರು?
2. ಸವೆದ ಪೈಪು ಕಂಡ ದಿನ ವಾಹನವನ್ನು ನಿಲ್ಲಿಸುವ ಅಧಿಕಾರ ಚಾಲಕರಿಗೆ ಇದೆಯೇ?
3. ಆ ದಿನದ ನೀರು ಅಥವಾ ಕಸದ ಕೆಲಸಕ್ಕೆ ಬದಲಿ ವ್ಯವಸ್ಥೆ ಏನು?