ಮನೆತನ ಕೇಳಿ ಹುಡುಕು

ಅಲ್ಲ ಮರಿ, ಮೂರು ಡೇಟಾಬೇಸಿನಲ್ಲಿ ನಾಲ್ಕು ಪದ ಒತ್ತಿ, ಬಂದದ್ದನ್ನೆಲ್ಲ ಬಾಚಿಕೊಂಡು ‘ರಿವ್ಯೂಗೆ ಹುಡುಕಾಟ ಮುಗೀತು ಸಾರ್’ ಅಂತೀಯಲ್ಲ, ಅಷ್ಟು ಬೇಗ ಸಾರೂ ಕುದಿಯಲ್ಲ.

ಊರಿಗೆ ಹೋಗಿ ಮಂಜುನಾಥ ಎಲ್ಲಿ ಅಂತ ಕೇಳಿದರೆ ಹತ್ತು ಜನ ಎದ್ದು ನಿಲ್ಲುತ್ತಾರೆ. ನಿನಗೆ ಬೇಕಾದವನನ್ನು ಊರು ಗುಂಡ ಅಂತ ಕರೆಯುತ್ತಿರುತ್ತದೆ. ಯಾರ ಮಗ, ಯಾರ ಅಳಿಯ ಅಂತ ಕೇಳು, ಮನೆ ಸಿಗುತ್ತದೆ. ನೀನು ಹಾರ್ಟ್ ಅಟ್ಯಾಕ್ ಅಂತ ಹುಡುಕುತ್ತಿದ್ದರೆ ಬರೆದವನು ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಅಂದಿರುತ್ತಾನೆ. ಆಗ ಕೈಯಲ್ಲಿರುವ ಒಳ್ಳೆಯ ಪೇಪರಿನ ಕೊನೆಯ ಉಲ್ಲೇಖಪಟ್ಟಿ ಓದು: ಅಜ್ಜ, ಮುತ್ತಜ್ಜ ಸಿಗುತ್ತಾರೆ. ಆಮೇಲೆ ಅದನ್ನು ಯಾರ್ಯಾರು ಉಲ್ಲೇಖಿಸಿದ್ದಾರೆ ನೋಡು: ಮಕ್ಕಳು, ಮೊಮ್ಮಕ್ಕಳು. ಇದಕ್ಕೆಂದೇ 1964ರಲ್ಲಿ ಯೂಜೀನ್ ಗಾರ್ಫೀಲ್ಡ್ ಎಂಬ ಪುಣ್ಯಾತ್ಮ ಸೈನ್ಸ್ ಸೈಟೇಶನ್ ಇಂಡೆಕ್ಸ್ ತಂದ. ನಾವು ಅದರ ದಪ್ಪ ಸಂಪುಟಗಳ ಇರುವೆ ಅಕ್ಷರಕ್ಕೆ ಕಣ್ಣು ಕೊಟ್ಟೆವು. ನಿನಗೆ ಒಂದು ಕ್ಲಿಕ್ಕಿಗೂ ಸೋಮಾರಿತನ!

ನಾನೇನು ಕಮ್ಮಿಯಿದ್ದೆನೇ? ಒಮ್ಮೆ ಮೀಸೆ ತಿರುವಿ ರಿವ್ಯೂ ಕಳಿಸಿದೆ. ‘ಈ ಅಧ್ಯಯನ ಯಾಕಿಲ್ಲ?’ ಅಂತ ಒಂದೇ ಸಾಲು ವಾಪಸ್ ಬಂತು. ನೋಡಿದರೆ, ನಾನೇ ಆರಿಸಿದ ಮೂರು ಪೇಪರುಗಳ ಕೊನೆಯ ಪುಟದಲ್ಲಿ ಅದು ಕಾಲು ಚಾಚಿ ಕುಳಿತಿತ್ತು.

ಟ್ರಿಷ್ ಗ್ರೀನ್‌ಹಾಲ್ಗ್, ರಿಚರ್ಡ್ ಪೀಕಾಕ್ ಎಂಬ ಸಂಶೋಧಕರು 2005ರಲ್ಲಿ ತಮ್ಮದೇ ರಿವ್ಯೂವಿನ ಲೆಕ್ಕ ಒಪ್ಪಿಸಿದರು. 495 ಮೂಲಗಳಲ್ಲಿ ಮೊದಲೇ ಗೊತ್ತುಮಾಡಿಕೊಂಡ ಹುಡುಕಾಟದಲ್ಲಿ ಸಿಕ್ಕಿದ್ದು ನೂರಕ್ಕೆ 30. ಹೀಗೆ ಎಳೆ ಹಿಡಿದು ಹೋದದ್ದಕ್ಕೆ 51. ಆದರೆ ಅವರದು ಗೋಜಲಿನ ವಿಷಯ. ನಿನ್ನ ಒಂದೇ ಮಾತ್ರೆಯ ಪ್ರಯೋಗಗಳಿಗೆ ಇಷ್ಟು ಫಸಲು ಬಾರದಿರಬಹುದು.

ಇನ್ನೊಂದು. ದೊಡ್ಡ ಮನೆತನ ಕಂಡು ಮರುಳಾಗಬೇಡ. ಆಸ್ಪತ್ರೆಯಲ್ಲಿ ಓಪಿಯಾಯ್ಡ್ ಕೊಟ್ಟವರಿಗೆ ಚಟ ಹತ್ತುವುದು ಅಪರೂಪ ಅಂತ 1980ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಐದು ವಾಕ್ಯದ ಪತ್ರ ಬಂತು. 2017ರಲ್ಲಿ ಎಣಿಸಿದಾಗ 608 ಕಡೆ ಅದರ ಹೆಸರಿತ್ತು. ಹೆಚ್ಚಿನವರು ‘ಆಸ್ಪತ್ರೆಯಲ್ಲಿ’ ಅನ್ನುವ ಮಾತನ್ನೇ ನುಂಗಿದ್ದರು. ಅತ್ತ, ‘ಈ ಔಷಧಿ ಕೆಲಸ ಮಾಡಲಿಲ್ಲ’ ಅಂದ ಬಡಪಾಯಿ ಪೇಪರನ್ನು ಯಾರೂ ಮದುವೆಗೆ ಕರೆಯುವುದಿಲ್ಲ. ಅಂಥದ್ದು ಸಿಗುವುದು ನಿನ್ನ ಆ ಡೇಟಾಬೇಸಿನಲ್ಲೇ. ಅದನ್ನು ಬಿಡು ಅಂತ ನಾನೆಲ್ಲಿ ಹೇಳಿದೆ?

ಈಗ ನೀನು ಆರಿಸಿಟ್ಟ ಹನ್ನೆರಡು ಪೇಪರ್ ತಗೊಂಡು ಬಾ. ಯಾವುದರಿಂದ ಹೊರಟೆ, ಎಲ್ಲಿ ನೋಡಿದೆ, ಯಾವ ತಾರೀಕು, ಬರೆದಿಡು. ಹೊಸದೊಂದು ಸಿಕ್ಕರೆ ಅದರ ಮನೆತನವನ್ನೂ ಕೇಳು, ಹೊಸ ಮುಖ ಬರುವುದು ನಿಲ್ಲುವ ತನಕ. ಊಟ ಆಯ್ತಾ? ಮೊದಲು ಉಣ್ಣು. ಹಸಿದಾಗ ನೀನು ಅರ್ಧ ಪಟ್ಟಿಗೇ ಪುಟ ಮುಚ್ಚುವುದನ್ನು ನಾನು ಕಂಡಿದ್ದೇನೆ.