ಮೆದುಳೂ ನೋಡಲು ಕಲಿಯಬೇಕು!

ಮಕ್ಕಳೇ, ನಾವು ಯಾವುದರಿಂದ ನೋಡುತ್ತೇವೆ? 'ಕಣ್ಣಿನಿಂದ' ಎಂದಿರಾ? ಅದು ಅರ್ಧ ಉತ್ತರ. ವಸ್ತುವಿನಿಂದ ಬಂದ ಬೆಳಕು ಕಣ್ಣಿನ ಅಕ್ಷಿಪಟಲದ ಮೇಲೆ ಬೀಳುತ್ತದೆ. ಅಲ್ಲಿಂದ ಸಂದೇಶವು ನರದ ಮೂಲಕ ಮೆದುಳಿನ ಹಿಂಭಾಗಕ್ಕೆ ಹೋಗುತ್ತದೆ. ಅದರ ಅರ್ಥ ತಿಳಿಯುವುದು ಮೆದುಳು. ಈ ಕೆಲಸವನ್ನು ಅದು ಹುಟ್ಟಿದ ಮೇಲೆ, ನೋಡಿ ನೋಡಿಯೇ ಕಲಿಯುತ್ತದೆ.

ಇದು ಗೊತ್ತಾದದ್ದು ಹೇಗೆ? 1960ರ ದಶಕದಲ್ಲಿ ಅಮೆರಿಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲವು ವಾರ ಮುಚ್ಚಿಟ್ಟರು. ಮತ್ತೆ ತೆರೆದಾಗ ಕಣ್ಣು ಸರಿಯಾಗಿಯೇ ಇತ್ತು. ಆದರೆ ಮೆದುಳಿನ ಹೆಚ್ಚಿನ ನರಕೋಶಗಳು ಅದರ ಸಂದೇಶಕ್ಕೆ ಓಗೊಡಲಿಲ್ಲ! ಅವೆಲ್ಲ ತೆರೆದಿದ್ದ ಇನ್ನೊಂದು ಕಣ್ಣಿನ ಪಾಲಾಗಿದ್ದವು. ಬೆಳೆದ ಬೆಕ್ಕುಗಳಲ್ಲಿ ಹೀಗಾಗಲಿಲ್ಲ. ಎಳೆಯ ಮೆದುಳು ಹಸಿ ಜೇಡಿಮಣ್ಣಿನಂತೆ, ಬೇಗ ರೂಪ ಬದಲಿಸುತ್ತದೆ. ದೃಷ್ಟಿಯ ಕುರಿತ ಸಂಶೋಧನೆಗಾಗಿ ಇವರಿಬ್ಬರಿಗೂ 1981ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಕೆಲವು ಮಕ್ಕಳಿಗೆ ಮೆಳ್ಳೆಗಣ್ಣು ಇರುತ್ತದೆ. ಕೆಲವರಿಗೆ ಒಂದು ಕಣ್ಣು ಮಾತ್ರ ಮಂಜಾಗಿರುತ್ತದೆ. ಆಗ ಮೆದುಳು ಚೆನ್ನಾಗಿ ಕಾಣುವ ಕಣ್ಣನ್ನೇ ನಂಬಿ, ಇನ್ನೊಂದನ್ನು ಕಡೆಗಣಿಸುತ್ತದೆ. ಇದೇ 'ಸೋಮಾರಿ ಕಣ್ಣು'. ನಿಜವಾಗಿ ಕಣ್ಣು ಸೋಮಾರಿಯಲ್ಲ, ಮೆದುಳು ಅದನ್ನು ಬಳಸುತ್ತಿಲ್ಲ ಅಷ್ಟೆ.

ಇದಕ್ಕೆ ಚಿಕಿತ್ಸೆ ಏನು? ವೈದ್ಯರು ಅಗತ್ಯವಿದ್ದರೆ ಕನ್ನಡಕ ಕೊಡುತ್ತಾರೆ. ಜೊತೆಗೆ ದಿನಕ್ಕೆ ಕೆಲವು ಗಂಟೆ ಒಂದು ಕಣ್ಣಿಗೆ ಪಟ್ಟಿ ಅಂಟಿಸುತ್ತಾರೆ. ಯಾವ ಕಣ್ಣಿಗೆ ಗೊತ್ತೇ? ಚೆನ್ನಾಗಿ ಕಾಣುವ ಕಣ್ಣಿಗೆ! ಆಗ ಮೆದುಳು ಇನ್ನೊಂದು ಕಣ್ಣನ್ನು ಬಳಸಲೇಬೇಕಾಗುತ್ತದೆ. ಏಳು ವರ್ಷದೊಳಗೆ ಆರಂಭಿಸಿದರೆ ಹೆಚ್ಚು ಫಲ. ನಂತರವೂ ಹಲವರಿಗೆ ಸುಧಾರಣೆ ಕಂಡಿದೆ.

ತಡವಾದರೂ ಮೆದುಳು ಕಲಿಯಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲೇ ನಿದರ್ಶನವಿದೆ. ವಿಜ್ಞಾನಿ ಪವನ್ ಸಿನ್ಹಾ ಅವರ 'ಪ್ರಾಜೆಕ್ಟ್ ಪ್ರಕಾಶ್' ಯೋಜನೆಯಲ್ಲಿ, ಹುಟ್ಟಿನಿಂದ ಕುರುಡರಾಗಿದ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಅಂಥ ಐವರ ಬಗ್ಗೆ 2011ರಲ್ಲಿ ವರದಿ ಬಂತು. ಅವರ ವಯಸ್ಸು 8ರಿಂದ 17. ಕಣ್ಣು ತೆರೆದ ಕೂಡಲೇ ಅವರಿಗೆ, ಕೈಯಲ್ಲಿ ಮುಟ್ಟಿದ ವಸ್ತುವನ್ನು ಕಣ್ಣಿನಿಂದ ಗುರುತಿಸಲು ಕಷ್ಟವಾಯಿತು. ಕೆಲವೇ ದಿನಗಳಲ್ಲಿ ಈ ಸಾಮರ್ಥ್ಯ ಹೆಚ್ಚಿತು!

ಮಾಡಿ ನೋಡಿ: ಅಂಗೈಯಿಂದ ಒಂದು ಕಣ್ಣನ್ನು ಒತ್ತದೆ ಮುಚ್ಚಿ, ಕಪ್ಪುಹಲಗೆಯ ಅಕ್ಷರಗಳನ್ನು ಓದಿ. ಅದೇ ಜಾಗದಲ್ಲಿ ನಿಂತು ಇನ್ನೊಂದು ಕಣ್ಣಿನಿಂದಲೂ ಓದಿ. ವ್ಯತ್ಯಾಸ ಕಂಡರೆ ನಾಚಿಕೆ ಬೇಡ. ಗುರುಗಳಿಗೆ, ಮನೆಯವರಿಗೆ ಹೇಳಿ ಕಣ್ಣಿನ ವೈದ್ಯರ ಬಳಿ ಹೋಗಿ. ನೀವೇ ಪಟ್ಟಿ ಕಟ್ಟಿಕೊಳ್ಳಬೇಡಿ. ನಿಮ್ಮ ತಮ್ಮ, ತಂಗಿಯರಿಗೂ ಈ ಪರೀಕ್ಷೆ ಮಾಡುವಿರಲ್ಲವೇ?